ಲಂಡನ್ನಿನ ಬೆಕ್ಕುಗಳಿಗೆ ಮನೆ ಹುಡುಕಿದವರು

1939ರ ಸೆಪ್ಟೆಂಬರ್ ಮೊದಲ ವಾರ. ಲಂಡನ್ನಿನ ಪಶುವೈದ್ಯರ ಬಾಗಿಲುಗಳಲ್ಲಿ, ಪ್ರಾಣಿದಯಾ ಸಂಘಗಳ ದವಾಖಾನೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಕೆಲವರ ಕೈಯಲ್ಲಿ ಹಗ್ಗ ಕಟ್ಟಿದ ನಾಯಿ, ಕೆಲವರ ಕೈಯಲ್ಲಿ ಮುಚ್ಚಳ ಬಿಗಿದ ಬುಟ್ಟಿ. ಬುಟ್ಟಿಯೊಳಗೆ ಬೆಕ್ಕು. ಕಾಯಿಲೆ ಬಿದ್ದ ಬೆಕ್ಕಲ್ಲ, ಹಲ್ಲುದುರಿದ ಮುದಿ ಬೆಕ್ಕೂ ಅಲ್ಲ. ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದ ಮನೆಬೆಕ್ಕು. ಅದನ್ನು ಸಾಕಿದವರೇ ಕೊಲ್ಲಿಸಲು ತಂದಿದ್ದರು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ್ದು ಸೆಪ್ಟೆಂಬರ್ 3ರ ಭಾನುವಾರ.

ಆ ಕೆಲವೇ ದಿನಗಳಲ್ಲಿ ಲಂಡನ್ ಒಂದರಲ್ಲೇ ಸುಮಾರು 4,00,000 ನಾಯಿ, ಬೆಕ್ಕುಗಳು ಸತ್ತವೆಂಬ ಅಂದಾಜಿದೆ. ಅಂದರೆ ನಗರದಲ್ಲಿದ್ದ ಪ್ರತಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಏಳೂವರೆ ಲಕ್ಷ ಎನ್ನುವವರೂ ಇದ್ದಾರೆ. ಇಡೀ ಯುದ್ಧದುದ್ದಕ್ಕೂ ಬ್ರಿಟನ್ನಿನ ಮೇಲೆ ಬಿದ್ದ ಬಾಂಬುಗಳಿಗೆ ಬಲಿಯಾದ ನಾಗರಿಕರು 60,000 ಆಸುಪಾಸು. ಒಂದು ನಾಯಿರಕ್ಷಣಾ ಸಂಘದಲ್ಲಿ ಕ್ಲೋರೋಫಾರ್ಮ್ ದಾಸ್ತಾನೇ ಮುಗಿದುಹೋಯಿತು. ಬಡವರ ಪ್ರಾಣಿಗಳಿಗೆ ಬಿಟ್ಟಿ ಚಿಕಿತ್ಸೆ ಕೊಡುತ್ತಿದ್ದ ಪಿಡಿಎಸ್‌ಎ ಸಂಸ್ಥೆ ಇಲ್ಫರ್ಡ್‌ನಲ್ಲಿದ್ದ ತನ್ನ ಹುಲ್ಲುಗಾವಲನ್ನೇ ಹೂಳುವುದಕ್ಕೆ ಬಿಟ್ಟುಕೊಟ್ಟಿತು. ಆಗಿನ್ನೂ ಲಂಡನ್ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ.

ಸರ್ಕಾರ ಹಾಗೆ ಆಜ್ಞೆ ಮಾಡಿತ್ತೇ? ಇಲ್ಲ. ಪ್ರಾಣಿಗಳ ಉಸ್ತುವಾರಿಗೆಂದು ಯುದ್ಧದ ಹೊಸ್ತಿಲಲ್ಲಿ ನಾರ್‌ಪ್ಯಾಕ್ ಎಂಬ ಸಮಿತಿಯೊಂದು ಹುಟ್ಟಿಕೊಂಡಿತ್ತು. ಅದು ಪ್ರಾಣಿ ಸಾಕಿದವರಿಗಾಗಿ ಒಂದು ಕರಪತ್ರ ಹಂಚಿತು. ಅದರಲ್ಲಿದ್ದ ಸಲಹೆಗಳಿಗೆ ಒಂದು ಕ್ರಮವಿತ್ತು: ಮೊದಲು, ಸಾಧ್ಯವಾದರೆ ಪ್ರಾಣಿಯನ್ನು ಮುಂಚಿತವಾಗಿಯೇ ಹಳ್ಳಿಗೆ ಸಾಗಿಸಿ, ಅದಾಗದಿದ್ದರೆ ನೆರೆಹೊರೆಯವರ ವಶಕ್ಕೆ ಒಪ್ಪಿಸಿ, ಅದೂ ಆಗದಿದ್ದರೆ ಕೊಲ್ಲಿಸುವುದೇ ಹೆಚ್ಚು ದಯೆಯ ಕೆಲಸ. ಜೊತೆಗೆ, ನೋವಿಲ್ಲದೆ ಪ್ರಾಣಿಯನ್ನು ಕೊಲ್ಲುವ ಪಿಸ್ತೂಲಿನ ಜಾಹೀರಾತು ಬೇರೆ. ಜನ ಮೊದಲಿನ ಎರಡು ಸಾಲು ದಾಟಿ ಮೂರನೆಯದಕ್ಕೇ ಬಂದರು. ಮುಂದೆ ಇದೇ ಸಮಿತಿ ಆ ಕೊಲೆಗಳ ಬಗ್ಗೆ ಬೇಸರಪಟ್ಟುಕೊಂಡಿತು ಅನ್ನುವುದು ಬೇರೆ ಮಾತು.

ಜನರನ್ನು ಕಟುಕರೆಂದು ಬೈದು ಕೂರುವುದು ಸುಲಭ. ಅವರ ಪಾಡನ್ನೂ ನೋಡಬೇಕು. ಸೆಪ್ಟೆಂಬರ್ 1ರಿಂದ ಮೂರೇ ದಿನಗಳಲ್ಲಿ ಸುಮಾರು ಹದಿನೈದು ಲಕ್ಷ ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ನಗರಗಳಿಂದ ರೈಲು ಹತ್ತಿಸಿ ಊರಾಚೆ ಕಳಿಸಲಾಗಿತ್ತು. ಮಕ್ಕಳ ಜೊತೆ ಬೆಕ್ಕು ಹೋಗುವಂತಿರಲಿಲ್ಲ. ಅಪ್ಪನಿಗೆ ಸೈನ್ಯದ ಕರೆ, ಅಮ್ಮನಿಗೆ ಯಾವುದೋ ಕಾರ್ಖಾನೆ. ಸಾರ್ವಜನಿಕ ಆಶ್ರಯತಾಣಗಳಿಗೆ ಪ್ರಾಣಿಗಳನ್ನು ಬಿಡುತ್ತಿರಲಿಲ್ಲ. ವಿಷಾನಿಲ ಬರುತ್ತದೆಂದು ಮನುಷ್ಯರಿಗೆಲ್ಲ ಮುಖವಾಡ ಹಂಚಿದ್ದರು. ಬೆಕ್ಕಿಗೆ ಯಾವ ಮುಖವಾಡ? ಮೊದಲ ಮಹಾಯುದ್ಧದ ಹಸಿವನ್ನು ಕಂಡವರು ಇನ್ನೂ ಬದುಕಿದ್ದರು.

ಆದರೂ ಒಂದು ಮಾತು ಹೇಳಲೇಬೇಕು. ಆ ಸಾಲಿನಲ್ಲಿ ನಿಂತವರಿಗೆ ಪ್ರೀತಿ ಕಡಿಮೆ ಇತ್ತೆನ್ನಲಾಗದು. ಅವರಲ್ಲಿ ಹೆಚ್ಚಿನವರಿಗೆ ಇಲ್ಲದ್ದು ಬೆಕ್ಕನ್ನು ಒಪ್ಪಿಸಲು ಒಂದು ವಿಳಾಸ. ಹಳ್ಳಿಯಲ್ಲಿ ತೋಟದ ಮನೆ ಇದ್ದವರ ಬೆಕ್ಕು ಕಾರು ಹತ್ತಿ ಹೋಯಿತು. ಈಸ್ಟ್ ಎಂಡ್‌ನ ಹಡಗುಕಟ್ಟೆ ಕೂಲಿಯ ನೆರೆಯವನೂ ಅವನ ಹಾಗೆಯೇ ಊರು ಬಿಡುವವನಾಗಿದ್ದ. ಕರಪತ್ರದ ಮೊದಲೆರಡು ಸಲಹೆಗಳು ಉಳ್ಳವರಿಗೆ, ಮೂರನೆಯದು ಇಲ್ಲದವರಿಗೆ ಎಂಬಂತಾಯಿತು.

ಬಿಟ್ಟುಹೋದ ಬೆಕ್ಕಿಗೆ ಇನ್ನೊಂದು ಆಸರೆ ಒದಗಿಸುವ ಪ್ರಯತ್ನ ಲಂಡನ್ನಿಗೆ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲೂ ಬೇಸಿಗೆ ಬಂತೆಂದರೆ ವೆಸ್ಟ್ ಎಂಡ್‌ನ ಶ್ರೀಮಂತರು ಮನೆಗೆ ಬೀಗ ಜಡಿದು ಸಮುದ್ರ ತೀರಕ್ಕೋ ಹಳ್ಳಿಗೋ ಹೊರಟುಬಿಡುತ್ತಿದ್ದರು, ಬೆಕ್ಕು ಬೀದಿಗೆ ಬೀಳುತ್ತಿತ್ತು. ಪತ್ರಿಕೆಗಳಿಗೆ ಈ ಬಗ್ಗೆ ದೂರಿನ ಪತ್ರಗಳು ಬರುತ್ತಿದ್ದವು. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಹಾಲೊವೇಯಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ತಂಗುದಾಣ ತೆರೆದಾಗ 'ದಿ ಟೈಮ್ಸ್' ಪತ್ರಿಕೆ ಗೇಲಿ ಮಾಡಿತು. ಮನುಷ್ಯರಿಗೇ ಸೂರಿಲ್ಲದ ಊರಿನಲ್ಲಿ ನಾಯಿಗೆ ಮನೆಯೇ ಎಂಬ ಧಾಟಿ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಅದರ ಪರ ಲೇಖನ ಹಾಕಿದ. 1871ರಲ್ಲಿ ಆ ತಂಗುದಾಣ ಬ್ಯಾಟರ್ಸೀಗೆ ಹೋಯಿತು. ಬೆಕ್ಕುಗಳಿಗೆ ಅಲ್ಲಿ ಜಾಗ ಸಿಕ್ಕಿದ್ದು 1883ರಲ್ಲಿ. ನಾಯಿಗಳಿಗಿಂತ ಇಪ್ಪತ್ತಮೂರು ವರ್ಷ ತಡವಾಗಿ.

ತಂಗುದಾಣ ಸೇರಿದರೆ ಬದುಕು ಸಿಕ್ಕಿತು ಎಂದೇನೂ ಅಲ್ಲ. ಡಾ. ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಎಂಬ ವೈದ್ಯ 1884ರಲ್ಲಿ ಬ್ಯಾಟರ್ಸೀಗೆ ಒಂದು ಕೋಣೆ ಕಟ್ಟಿಸಿಕೊಟ್ಟ. ಕೇಳುವವರಿಲ್ಲದ ನಾಯಿಗಳನ್ನು ಅದರೊಳಗೆ ತಳ್ಳಿ ಅನಿಲ ಹಾಯಿಸಿ ನಿದ್ದೆಯಲ್ಲೇ ಮುಗಿಸುತ್ತಿದ್ದರು. ತಂದು ಒಪ್ಪಿಸುವವರು ಸಾವಿರಗಟ್ಟಲೆ, ಒಯ್ಯುವವರು ಬೆರಳೆಣಿಕೆ. ಆ ಲೆಕ್ಕ ಸರಿಯಾಗದ ತನಕ ಯಾವ ದಯಾಸಂಘವಾದರೂ ಅರ್ಧ ಆಸ್ಪತ್ರೆ, ಅರ್ಧ ಮಸಣ. ಬೆಕ್ಕಿನ ಪಾಲಿಗಂತೂ ಒಯ್ಯುವವರು ಇನ್ನೂ ವಿರಳ. ನಾಯಿ ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಬೆಕ್ಕಾದರೋ ಪಕ್ಕದ ಮನೆಯ ಅಟ್ಟದಲ್ಲಿ ವರ್ಷಕ್ಕೆರಡು ಸಲ ತಾನಾಗಿಯೇ ಹುಟ್ಟುತ್ತಿತ್ತು.

ಬೆಕ್ಕಿಗೂ ಒಂದು ಮರ್ಯಾದೆ ಬೇಕೆಂದು ಪಟ್ಟು ಹಿಡಿದವರು 1927ರ ಮೇ ತಿಂಗಳಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಸಭೆ ಸೇರಿದರು. ಪ್ರಾಣಿದಯೆಯ ಚಳವಳಿಯಲ್ಲಿ ಹಳಬರಾಗಿದ್ದ ಜೆಸ್ಸಿ ವೇಡ್ ಅಧ್ಯಕ್ಷೆ. ಅಂದು ಹುಟ್ಟಿದ ಕ್ಯಾಟ್ಸ್ ಪ್ರೊಟೆಕ್ಷನ್ ಲೀಗ್ ಇಂದು ಬ್ರಿಟನ್ನಿನ ಅತಿದೊಡ್ಡ ಬೆಕ್ಕಿನ ಸಂಸ್ಥೆ. ಆದರೆ 1939ರಲ್ಲಿ ಅದಕ್ಕೆ ಹನ್ನೆರಡು ವರ್ಷ ಪ್ರಾಯ. ಲಕ್ಷಗಟ್ಟಲೆ ಬೆಕ್ಕುಗಳ ಹೊಳೆಗೆ ಅಡ್ಡ ನಿಲ್ಲುವ ಬಲ ಅದಕ್ಕೆಲ್ಲಿ?

ಅಡ್ಡ ನಿಲ್ಲಲು ನೋಡಿದವಳು ಒಬ್ಬ ಡಚೆಸ್. ಹ್ಯಾಮಿಲ್ಟನ್ ಮನೆತನದ ನೀನಾ ಡಗ್ಲಸ್-ಹ್ಯಾಮಿಲ್ಟನ್‌ಗೆ ವಿಲ್ಟ್‌ಶೈರ್‌ನಲ್ಲಿ ಫರ್ನ್ ಎಂಬ ದೊಡ್ಡ ಎಸ್ಟೇಟ್ ಇತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳ ವಿರುದ್ಧ ಬಹಳ ಕಾಲದಿಂದ ಹೋರಾಡುತ್ತಿದ್ದ ಹೆಂಗಸು. ಯುದ್ಧ ಬರುತ್ತದೆಂದು ಖಾತ್ರಿಯಾದಾಗ ಆಕೆಯ ಮನವಿ ಬಿಬಿಸಿ ರೇಡಿಯೊದಲ್ಲಿ ಬಿತ್ತರವಾಯಿತು: ಬಿಟ್ಟುಹೋಗುವ ನಾಯಿ, ಬೆಕ್ಕುಗಳಿಗೆ ಹಳ್ಳಿಗಳಲ್ಲಿ ಮನೆಗಳು ಬೇಕು. ಅಷ್ಟಕ್ಕೇ ಸುಮ್ಮನಾಗದೆ ಲಂಡನ್ನಿನ ಬಡ ಬೀದಿಗಳಿಗೆ ಆಳುಗಳನ್ನು ಅಟ್ಟಿ ಪ್ರಾಣಿಗಳನ್ನು ತರಿಸಿದಳು. ನೂರಾರು ಪ್ರಾಣಿಗಳು ಫರ್ನ್ ಸೇರಿದವು. ಸಿರಿವಂತೆಯ ಗೀಳು ಎಂದು ಮೂಗು ಮುರಿದವರು ಇದ್ದಿರಬಹುದು. ಆದರೆ ಕರಪತ್ರದ ಮೊದಲ ಸಲಹೆಯನ್ನು, ಹಳ್ಳಿಯಲ್ಲಿ ಮನೆಯಿಲ್ಲದವರ ಪಾಲಿಗೂ ನಿಜ ಮಾಡಿದ್ದು ಈ ಗೀಳೇ. ಆ ಆಶ್ರಯಧಾಮ ಈಗ ಸಾಮರ್‌ಸೆಟ್‌ಗೆ ಸ್ಥಳ ಬದಲಿಸಿದೆ, ಹೆಸರು ಮಾತ್ರ ಅದೇ ಫರ್ನ್.

ಬ್ಯಾಟರ್ಸೀಯ ಮೇಲ್ವಿಚಾರಕ ಎಡ್ವರ್ಡ್ ಹೀಲಿ-ಟಟ್ ಮಾಡಿದ ಕೆಲಸ ಇನ್ನೂ ಸರಳ. ಕೊಲ್ಲಿಸಿ ಎಂದು ಬಂದವರನ್ನು, ಅವಸರ ಬೇಡ, ಸ್ವಲ್ಪ ಕಾಯಿರಿ ಎಂದು ತಡೆದ. ಕಾದವರು ಬುದ್ಧಿವಂತರಾದರು. ಲಂಡನ್ ಮೇಲೆ ಎಡೆಬಿಡದ ಬಾಂಬಿನ ಮಳೆ ಶುರುವಾದದ್ದು ಮರುವರ್ಷದ ಸೆಪ್ಟೆಂಬರ್ 7ರಂದು. ನಡುವೆ ಪೂರಾ ಒಂದು ವರ್ಷವಿತ್ತು. ಅಷ್ಟರಲ್ಲಿ ಒಂದು ಬೆಕ್ಕಿಗೆ ಹೊಸ ಮನೆ ಹುಡುಕಲಾಗದೇ?

ಹುಡುಕಿದರೂ ಬೆಕ್ಕು ಒಗ್ಗಬೇಕಲ್ಲ, ಅದು ಇನ್ನೊಂದು ತಾಪತ್ರಯ. ನಾಯಿಗೆ ಯಜಮಾನ ಇದ್ದಲ್ಲಿ ಊರು. ಬೆಕ್ಕಿಗೆ ಗೋಡೆ, ಮಾಡು, ತಾನು ಮೂತ್ರ ಚಿಮುಕಿಸಿದ ಬೇಲಿ ಮುಖ್ಯ. ಬಾಂಬು ಬಿದ್ದು ನೆಲಸಮವಾದ ಮನೆಗಳ ಕಲ್ಲು ಇಟ್ಟಿಗೆಗಳ ನಡುವೆಯೇ ಬೆಕ್ಕುಗಳು ಕೂತಿರುತ್ತಿದ್ದವು. ರಕ್ಷಣಾ ತಂಡದವರು ಮೀನು ತೋರಿಸಿ ಅವುಗಳನ್ನು ಹಿಡಿಯಬೇಕಿತ್ತು. ಹೊಸ ಮನೆಗೆ ತಂದ ಬೆಕ್ಕಿನ ಪಂಜಗಳಿಗೆ ಬೆಣ್ಣೆ ಸವರುವುದು ಇಂಗ್ಲೆಂಡಿನ ಹಳೆಯ ರೂಢಿ. ಬೆಣ್ಣೆ ನೆಕ್ಕುತ್ತ ಕೂತ ಬೆಕ್ಕು, ನೆಕ್ಕಿ ಮುಗಿಸುವಷ್ಟರಲ್ಲಿ ಅಂಜಿಕೆ ಮರೆತು ಅಲ್ಲಿಯದೇ ಆಗುತ್ತದಂತೆ. ಯುದ್ಧಕಾಲದಲ್ಲಿ ಬೆಣ್ಣೆಗೂ ರೇಷನ್ ಬಂತು. ಈ ಉಪಾಯದ ಫಲ ಏನೇ ಇರಲಿ, ಕೆಲವು ದಿನ ಒಂದೇ ಕೋಣೆಯಲ್ಲಿ ಕೂಡಿಹಾಕಿ, ಹಳೆಯ ಮನೆಯ ವಾಸನೆಯಿರುವ ಬಟ್ಟೆಯನ್ನು ಜೊತೆಗೆ ಕೊಡಿ ಎಂದು ಈಗಿನ ಬೆಕ್ಕಿನ ಸಂಸ್ಥೆಗಳೂ ಹೇಳುತ್ತವೆ.

ತಾನಾಗಿ ಮನೆ ಹುಡುಕಿಕೊಂಡ ಬೆಕ್ಕಿನ ಕಥೆಯೊಂದು ಲಂಡನ್ನಿನಲ್ಲಿ ಪ್ರಸಿದ್ಧ. ಸೇಂಟ್ ಪಾಲ್ಸ್ ಕೆಥೆಡ್ರಲ್ ಬಳಿಯ ಸೇಂಟ್ ಆಗಸ್ಟಿನ್ ಚರ್ಚಿಗೆ 1936ರಲ್ಲಿ ಒಂದು ಬೀದಿ ಬೆಕ್ಕು ನುಗ್ಗಿತು. ಚರ್ಚಿನ ನೌಕರ ಹೊರಗಟ್ಟಿದ, ಅದು ಮತ್ತೆ ಬಂತು, ಮತ್ತೆ ಅಟ್ಟಿದ, ಮತ್ತೆ ಬಂತು. ಕೊನೆಗೆ ಪಾದ್ರಿ ಹೆನ್ರಿ ರಾಸ್ ಇರಲಿ ಬಿಡು ಎಂದು ಇಟ್ಟುಕೊಂಡು 'ಫೇತ್' ಎಂದು ಹೆಸರಿಟ್ಟರು. 1940ರ ಆಗಸ್ಟ್‌ನಲ್ಲಿ ಅದು ಒಂದು ಮರಿ ಹಾಕಿತು. ಸೆಪ್ಟೆಂಬರ್ ಮೊದಲ ವಾರ, ಮೇಲಿನ ಅಂತಸ್ತಿನ ಬೆಚ್ಚಗಿನ ಬುಟ್ಟಿ ಬಿಟ್ಟು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ನೆಲಮಾಳಿಗೆಯ ಗೂಡಿಗೆ ಒಯ್ದಿತು. ಪಾದ್ರಿ ತಿರುಗಿ ಮೇಲೆ ತಂದಿಟ್ಟರೂ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಬಾಂಬು ಬಿದ್ದು ಚರ್ಚು ಹೊತ್ತಿ ಉರಿಯಿತು. ಅವಶೇಷಗಳಡಿ ತಾಯಿ, ಮರಿ ಎರಡೂ ಜೀವಂತವಾಗಿದ್ದವು. 1945ರಲ್ಲಿ ಪಿಡಿಎಸ್‌ಎ ಅದಕ್ಕೆ ಬೆಳ್ಳಿ ಪದಕ ಕೊಟ್ಟಿತು. ಅದಕ್ಕೆ ಆರು ವರ್ಷ ಹಿಂದೆ ಇದೇ ಊರಿನಲ್ಲಿ ಏನಾಗಿತ್ತೆಂದು ನೆನೆದರೆ ಆ ಪದಕ ಬೇರೆಯೇ ಕಾಣುತ್ತದೆ.

ಇನ್ನು ಇಲಿಗಳ ವಿಷಯ. ಬೆಕ್ಕುಗಳನ್ನು ಕೊಂದುಕೊಂಡ ದೇಶಕ್ಕೆ ಉಗ್ರಾಣ ಕಾಯುವ ಬೆಕ್ಕು ಬೇಕಾಯಿತು. ಆಹಾರ ದಾಸ್ತಾನಿನ ಗೋದಾಮುಗಳಲ್ಲಿ ಇಲಿ ಹಿಡಿಯುವ ಬೆಕ್ಕುಗಳಿಗೆ, ಮನುಷ್ಯರ ಬಳಕೆಗೆ ಬಾರದ ಹಾಲಿನಪುಡಿಯನ್ನು ಕೊಡಲು ಸರ್ಕಾರವೇ ಒಪ್ಪಿತು.

ನಮ್ಮ ಹಳ್ಳಿಗಳಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು. ಕಣಜದಲ್ಲಿ ಭತ್ತ, ಅಟ್ಟದಲ್ಲಿ ಅಡಿಕೆ ಮೂಟೆ ಇರುವ ಮನೆಗೆ ಬೆಕ್ಕು ಬೇಕೇ ಬೇಕು. ಬೆಕ್ಕು ಮರಿ ಹಾಕಿತೆಂದರೆ ಬಂದ ನೆಂಟರನ್ನೆಲ್ಲ "ಒಂದು ಮರಿ ಒಯ್ಯುತ್ತೀರಾ?" ಎಂದು ಕೇಳುವುದು, ಕಣ್ಣು ಬಿಟ್ಟು ಅನ್ನ ತಿನ್ನುವಂತಾದ ಮೇಲೆ ಕೈಚೀಲದಲ್ಲಿ ಹಾಕಿ ಕಳಿಸುವುದು ಸಾಮಾನ್ಯವಾಗಿತ್ತು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ತೀರದೆಂಬ ಭಯವೂ ಇತ್ತು. ಹಾಗೆಂದು ಬೀಗಬೇಕಾಗಿಲ್ಲ. ಕೊಲ್ಲಲು ಹೆದರಿದ ಕೈಗಳೇ ಬೇಡದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ದಾರಿ ಗೊತ್ತಾಗದಿರಲೆಂದು ಹೊಳೆ ದಾಟಿಸಿ, ಮೀನು ಮಾರುಕಟ್ಟೆಯ ಬಳಿಯೋ ದೇವಸ್ಥಾನದ ಹಿಂದೆಯೋ ಬಿಟ್ಟು ಬಂದಿವೆ. ಪಾಪ ತಟ್ಟಲಿಲ್ಲ ಎಂಬ ಸಮಾಧಾನ ಮನುಷ್ಯನಿಗೆ; ಉಪವಾಸ ಬೆಕ್ಕಿಗೆ.

ಈ ಬಿಟ್ಟುಬರುವಿಕೆಯನ್ನು ಎರಡೂ ದೇಶಗಳು ಅಪರಾಧವೆಂದು ಬರೆದದ್ದು ಒಂದೇ ವರ್ಷ, 1960ರಲ್ಲಿ. ಬ್ರಿಟನ್ ಪ್ರಾಣಿಗಳನ್ನು ತೊರೆಯುವುದರ ವಿರುದ್ಧವೇ ಪ್ರತ್ಯೇಕ ಕಾಯ್ದೆ ತಂದಿತು. ನಮ್ಮಲ್ಲಿ, ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಿಡಿದ ಹಟದ ಫಲವಾಗಿ ಬಂದ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ, ಹಸಿವು, ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದೂ ಸೇರಿದೆ. ಮೊದಲ ತಪ್ಪಿಗೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50. ಇವತ್ತು ಆ ದುಡ್ಡಿಗೆ ಬೆಕ್ಕಿನ ಒಂದು ಹೊತ್ತಿನ ಮೀನೂ ಬರುವುದು ಕಷ್ಟ.

ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ವಿಳಾಸ ಒದಗಿಸಿದವರು. ಇಂಗ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ ಕ್ರಿಸ್ಟಲ್ ರಾಜರ್ಸ್ ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಎಂಬ ಪ್ರಾಣಿ ಆಶ್ರಯಧಾಮ ಕಟ್ಟಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಸಂಸ್ಥೆಗೆ ಅಡಿಪಾಯ ಹಾಕಿದರು. ಬ್ರಿಟನ್ನಿನಲ್ಲಿ 1985ರಲ್ಲಿ ಶುರುವಾದ ಸಿನಮನ್ ಟ್ರಸ್ಟ್ ವೃದ್ಧರಿಗೆಂದೇ ಇದೆ: ಮುದುಕರು ಆಸ್ಪತ್ರೆ ಸೇರಿದರೆ ಅವರ ಪ್ರಾಣಿಗಳನ್ನು ಸಾಕುತ್ತದೆ, ತೀರಿಕೊಂಡರೆ ಬೇರೆ ಆಸರೆ ಕಲ್ಪಿಸುತ್ತದೆ. ಕ್ಯಾಟ್ಸ್ ಪ್ರೊಟೆಕ್ಷನ್ ಕೂಡ, ತಾನು ಸತ್ತ ಮೇಲೆ ಬೆಕ್ಕಿನ ಗತಿಯೇನು ಎಂದು ಚಿಂತಿಸುವವರು ಮುಂಚಿತವಾಗಿ ಹೆಸರು ಬರೆಸಿಡುವ ವ್ಯವಸ್ಥೆ ಮಾಡಿದೆ.

ನಮ್ಮ ನಗರಗಳಲ್ಲಿ ಬೆಕ್ಕು ಮನೆ ಕಳೆದುಕೊಳ್ಳುವುದು ಯುದ್ಧದಿಂದಲ್ಲ. ವರ್ಗಾವಣೆ, ಬಾಡಿಗೆ ಮನೆಯ ಮಾಲೀಕರ ತಕರಾರು, ವಿದೇಶದ ಕೆಲಸ, ಮಗುವಿನ ಅಲರ್ಜಿ, ಒಂಟಿ ಅಜ್ಜಿಯ ಸಾವು. ಯಾವುದೂ ತಿಂಗಳ ಮುಂಚೆ ಹೇಳಿ ಬರುವುದಿಲ್ಲ. ಬೆಕ್ಕು ಸಾಕಿದವರು, ನಾಳೆ ತಮ್ಮಿಂದಾಗದಿದ್ದರೆ ಇದನ್ನು ಒಯ್ಯುತ್ತೀರಾ ಎಂದು ಒಬ್ಬರನ್ನಾದರೂ ಈಗಲೇ ಕೇಳಿ ಒಪ್ಪಿಸಿಟ್ಟುಕೊಳ್ಳಲಿ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಲಸಿಕೆ ಆಗಿದೆ ಎಂದು ಒಂದು ಚೀಟಿಯಲ್ಲಿ ಬರೆದೂ ಇಡಲಿ.