ಈಸೂರು: ಚರಿತ್ರೆ ಮತ್ತು ಆಡಳಿತ

ಈಸೂರು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಒಂದು ಸಣ್ಣ ಊರು. ಕುಮುದ್ವತಿ ನದಿಯ ಸೀಮೆಯಲ್ಲಿರುವ ಈ ಊರಿನದು ಬೇಸಾಯದ ಬದುಕು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಇಲ್ಲಿನ ಜನ ತಮ್ಮದೇ ಸರ್ಕಾರವನ್ನು ಘೋಷಿಸಿಕೊಂಡರು. ಊರಿನ ಹೆಸರು ನಾಡಿಗೆಲ್ಲ ತಿಳಿದದ್ದು ಇದರಿಂದಲೇ.

ಮೈಸೂರು ಸಂಸ್ಥಾನದ ಉಳಿದ ಹಳ್ಳಿಗಳಂತೆ ಇಲ್ಲಿಯೂ ಆಡಳಿತ ವಂಶಪಾರಂಪರ್ಯದ ಕೈಗಳಲ್ಲಿತ್ತು. ಕಂದಾಯ ವಸೂಲಿ ಮತ್ತು ಶಿಸ್ತು ಪಟೇಲನದು, ಲೆಕ್ಕಪತ್ರ ಶಾನುಭೋಗನದು. ಅವರ ಕೆಳಗೆ ತಳವಾರ, ತೋಟಿ, ನೀರುಗಂಟಿ. ಇವರೆಲ್ಲರ ಮೇಲೆ ತಾಲ್ಲೂಕಿನ ಅಮಲ್ದಾರ. ಕಾಯಿದೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಜಾಗವಿದ್ದರೂ ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದು ಶಾನುಭೋಗರ ಪುಸ್ತಕದಲ್ಲಿತ್ತು. ರೈತನ ಪಾಲಿಗೆ ಸರ್ಕಾರವೆಂದರೆ ಆ ಪುಸ್ತಕವೇ.

1942ರ ಆಗಸ್ಟ್‌ನಲ್ಲಿ ಗಾಂಧೀಜಿಯ ಬಂಧನದ ನಂತರ ಊರಿನಲ್ಲಿ ಪ್ರಭಾತಫೇರಿ, ಸಭೆಗಳು ಬಿರುಸಾದವು. ಸೆಪ್ಟೆಂಬರ್ ಕೊನೆಯ ವಾರ ಕಂದಾಯ ಕೇಳಲು ಬಂದ ಪಟೇಲ, ಶಾನುಭೋಗರಿಂದ ಜನ ಲೆಕ್ಕದ ಪುಸ್ತಕಗಳನ್ನೇ ಕಿತ್ತುಕೊಂಡರು. ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜ ಏರಿತು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕವನ್ನು ಊರ ಬಾಗಿಲಲ್ಲಿ ತೂಗುಹಾಕಿದರು. ಸಂಸ್ಥಾನದಲ್ಲಿ ಮೈಸೂರು ಕಾಂಗ್ರೆಸ್ಸಿನ ಮುಖ್ಯ ಬೇಡಿಕೆ ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರವೇ ಆಗಿತ್ತು. ಈಸೂರಿನವರು ಅದನ್ನು ಬೇಡುತ್ತ ಕೂರದೆ ತಾವೇ ಸ್ಥಾಪಿಸಿಕೊಂಡರು.

ಸಾಹುಕಾರ್ ಬಸವಣ್ಣಪ್ಪ ಹೋರಾಟದ ಮುಂದಾಳು. ಜಯಣ್ಣ ಎಂಬ ಹುಡುಗ ಅಮಲ್ದಾರನಾದ, ಮಲ್ಲಪ್ಪ ಎಂಬ ಇನ್ನೊಬ್ಬ ಹುಡುಗ ಸಬ್ ಇನ್‌ಸ್ಪೆಕ್ಟರ್ ಆದ. ಎಳೆಯರಿಗೆ ಕಾನೂನು ಕಠಿಣ ಶಿಕ್ಷೆ ಕೊಡಲಾರದೆಂಬ ಲೆಕ್ಕಾಚಾರ ಈ ಆಯ್ಕೆಯ ಹಿಂದಿತ್ತೆಂದು ಹೇಳುತ್ತಾರೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ತಪ್ಪು. ಆಡಳಿತ ಯಾವ ಹುದ್ದೆಗಳ ಮೇಲೆ, ಯಾವ ಕಾಗದಗಳ ಮೇಲೆ ನಿಂತಿದೆಯೆಂದು ಊರಿನವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮೊದಲು ಕೈಹಾಕಿದ್ದು ಖಜಾನೆಗಲ್ಲ, ಲೆಕ್ಕದ ಪುಸ್ತಕಕ್ಕೆ.

ಭಾರತದಲ್ಲೇ ಮೊದಲು ಸ್ವತಂತ್ರವಾದದ್ದು ಈಸೂರು ಎಂಬ ಮಾತು ಪ್ರಚಾರದಲ್ಲಿದೆ. ಉತ್ತರ ಪ್ರದೇಶದ ಬಲಿಯಾದಲ್ಲಿ ಆ ವರ್ಷದ ಆಗಸ್ಟ್‌ನಲ್ಲೇ ಚಿತ್ತೂ ಪಾಂಡೆ ನೇತೃತ್ವದ ಸರ್ಕಾರ ಕೆಲದಿನ ನಡೆದಿತ್ತು. ಆದರೆ ಬಂಗಾಳದ ತಾಮ್ರಲಿಪ್ತ ಸರ್ಕಾರಕ್ಕೂ ಸಾತಾರದ ಪ್ರತಿ ಸರ್ಕಾರಕ್ಕೂ ಈಸೂರೇ ಮೊದಲಿನದು. ಅವೆಲ್ಲ ವಿಸ್ತಾರವಾದ ಸೀಮೆಗಳು. ಇದು ಒಂದೇ ಒಂದು ಹಳ್ಳಿ.

ಸೆಪ್ಟೆಂಬರ್ 28ರಂದು ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಊರಿಗೆ ಬಂದರು. ಖಾದಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಪಟ್ಟುಹಿಡಿದರು. ಮಾತಿಗೆ ಮಾತು ಬೆಳೆದು ಲಾಠಿ ಬೀಸಿತು, ಗುಂಡು ಹಾರಿತು. ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಇಬ್ಬರೂ ಅಧಿಕಾರಿಗಳು ಸತ್ತರು. ಆಮೇಲೆ ಊರಿಗೆ ಸೈನ್ಯವೇ ನುಗ್ಗಿತು. ಮನೆಗಳು ಲೂಟಿಯಾದವು, ಸುಟ್ಟವು. ಜನ ಹೆಂಡಿರು ಮಕ್ಕಳೊಡನೆ ಕಾಡು ಸೇರಿದರು. ಪಾರ್ವತಮ್ಮ, ಹಾಲಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರೂ ಜೀವಾವಧಿ ಶಿಕ್ಷೆಗೆ ಗುರಿಯಾದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಇಂದಿಗೂ ಜನರ ಬಾಯಲ್ಲಿದೆ.

ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ದಕ್ಕಿದ್ದು 1947ರ ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ. ಹಳ್ಳಿಯ ಮಟ್ಟದಲ್ಲಿ ಬದಲಾವಣೆ ನಿಧಾನ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಕೊನೆಗೊಂಡು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1983ರ ಕಾಯಿದೆ ಮಂಡಲ ಪಂಚಾಯಿತಿಗಳನ್ನು ತಂದಿತು. 1993ರ ಪಂಚಾಯತ್ ರಾಜ್ ಕಾಯಿದೆ ಅವುಗಳ ಬದಲು ಗ್ರಾಮ ಪಂಚಾಯಿತಿಗಳನ್ನು ಸ್ಥಾಪಿಸಿತು. ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಪಂಚಾಯಿತಿಯೆಂದು ನಿಯಮ. ಚದುರಿದ ವಸತಿಯ ಶಿವಮೊಗ್ಗದಂಥ ಜಿಲ್ಲೆಗಳಿಗೆ 2,500 ಇದ್ದರೆ ಸಾಕು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಮೂರನೇ ಒಂದರಷ್ಟಿದ್ದ ಮಹಿಳಾ ಮೀಸಲಾತಿ 2010ರಲ್ಲಿ ಅರ್ಧಕ್ಕೇರಿತು.

ಈಸೂರಿನ ನೆನಪು ಗಲ್ಲಿನ ಕಥೆಯಲ್ಲೇ ನಿಂತುಬಿಟ್ಟಿದೆ. ಐವರ ಬಲಿದಾನವನ್ನು ನೆನೆಯಲೇಬೇಕು. ಜೊತೆಗೆ ಅವರು ಕಟ್ಟಹೊರಟ ಆಡಳಿತವನ್ನೂ ಓದಬೇಕು. ಅಂದು ಲೆಕ್ಕದ ಪುಸ್ತಕವನ್ನು ಕಿತ್ತುಕೊಳ್ಳಬೇಕಾಗಿತ್ತು. ಇಂದು ಗ್ರಾಮ ಪಂಚಾಯಿತಿಯೇ ತನ್ನ ಲೆಕ್ಕವನ್ನು ವರ್ಷಕ್ಕೊಮ್ಮೆ ಜಮಾಬಂದಿ ಎಂಬ ಲೆಕ್ಕ ತಪಾಸಣೆಯಲ್ಲಿ ಊರಿನವರ ಮುಂದಿಡಬೇಕು. ನಿಮ್ಮೂರಿನ ಜಮಾಬಂದಿ ಯಾವಾಗ ಎಂದು ಕೇಳಿ, ಹೋಗಿ ಕುಳಿತು ಪುಸ್ತಕ ನೋಡಿ.