ಅಪ್ಪ ಓದಿದ ಪತ್ರಿಕೆ

ಊರು ಬಿಟ್ಟು ಬಂದವರ ಮನೆಗೆ ತಾಯ್ನುಡಿಯ ಪತ್ರಿಕೆಯೊಂದು ಬರುವುದು ಹೊಸದೇನಲ್ಲ. ಸುದ್ದಿ ಹಳೆಯದಾದರೂ ಅಕ್ಷರ ನಮ್ಮದೆಂಬ ಸಮಾಧಾನ. ಆದರೆ 1953ರಲ್ಲಿ ಅಮೆರಿಕದಲ್ಲಿ ಅಂಥದೊಂದು ಪತ್ರಿಕೆ ಒಬ್ಬ ಸೇನಾಧಿಕಾರಿಯ ಹುದ್ದೆಗೇ ಕುತ್ತು ತಂದಿತು. ಓದಿದ್ದು ಅಪ್ಪ, ಶಿಕ್ಷೆ ಮಗನಿಗೆ.

ಆ ಮಗ ಮೈಲೋ ರಾಡುಲೋವಿಚ್. ವಾಯುಪಡೆಯಲ್ಲಿ ಹವಾಮಾನ ಅಧಿಕಾರಿಯಾಗಿದ್ದು, ಆಗ ಮೀಸಲು ಪಡೆಯ ಲೆಫ್ಟಿನೆಂಟ್ ಆಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ತಂದೆ ಬಾಲ್ಕನ್ ಸೀಮೆಯಿಂದ ವಲಸೆ ಬಂದು ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು.

ಅದು ಸೆನೆಟರ್ ಮೆಕಾರ್ಥಿಯ ಕಾಲ, ಎಲ್ಲೆಲ್ಲೂ ಕಮ್ಯುನಿಸ್ಟರ ಭಯ. ವಾಯುಪಡೆಯ 35-62ನೇ ನಿಯಮದ ಪ್ರಕಾರ ಕಮ್ಯುನಿಸ್ಟರೆಂದು ಶಂಕಿತರಾದವರ ಜೊತೆ ನಿಕಟ ಸಂಬಂಧವಿದ್ದರೆ ಸಾಕು, ಅಂಥವರು ಭದ್ರತೆಗೆ ಅಪಾಯ. ಮೈಲೋ ಅವರ ನಿಷ್ಠೆಯ ಬಗ್ಗೆ ಸಂಶಯವಿಲ್ಲ ಎಂದು ವಾಯುಪಡೆಯೇ ಒಪ್ಪಿತ್ತು. ದೂರು ಇದ್ದದ್ದು ತಂದೆ ಮತ್ತು ಸಹೋದರಿಯ ಮೇಲೆ. ತಂದೆ ತರಿಸುತ್ತಿದ್ದ ಸೆರ್ಬಿಯನ್ ಪತ್ರಿಕೆಯೊಂದು ಕಮ್ಯುನಿಸ್ಟ್ ಪರ ಎನ್ನಿಸಿಕೊಂಡಿತ್ತು. ಅದರೊಂದಿಗೆ ಬರುವ ಕ್ರಿಸ್‌ಮಸ್ ಕ್ಯಾಲೆಂಡರ್ ತಮಗೆ ಇಷ್ಟ ಎಂಬುದು ಆ ಹಿರಿಯರ ವಿವರಣೆ.

ಅಪ್ಪ ಮತ್ತು ಸಹೋದರಿಯ ಸಂಬಂಧ ಕಡಿದುಕೊಂಡು ಹುದ್ದೆ ಉಳಿಸಿಕೊಳ್ಳಲು ಮೈಲೋ ಒಪ್ಪಲಿಲ್ಲ. ಹಾಗೆ ಮಾಡಿದರೆ ನಾಳೆ ನನ್ನ ಮಕ್ಕಳಿಗೂ ನನ್ನನ್ನು ದೂರ ಮಾಡೆನ್ನುತ್ತಾರೆಯೇ ಎಂಬುದು ಅವರ ಪ್ರಶ್ನೆ. ವಿಚಾರಣೆಯಲ್ಲಿ ಆರೋಪದ ಸಾಕ್ಷ್ಯವನ್ನು ಅವರಿಗೂ ತೋರಿಸಲಿಲ್ಲ, ವಕೀಲರಿಗೂ ತೋರಿಸಲಿಲ್ಲ. ಅವರನ್ನು ಕೈಬಿಡಬೇಕೆಂದು ಮಂಡಳಿ ಶಿಫಾರಸು ಮಾಡಿತು.

1953ರ ಅಕ್ಟೋಬರ್ 20ರಂದು ಸಿಬಿಎಸ್ ಟಿವಿಯಲ್ಲಿ ಎಡ್ವರ್ಡ್ ಮರೋ ಈ ಕಥೆಯನ್ನು ದೇಶದ ಮುಂದಿಟ್ಟರು. ಪತ್ರಿಕೆಯಲ್ಲಿ ಅದರ ಜಾಹೀರಾತಿಗೆ ಸಂಸ್ಥೆ ಹಣ ಕೊಡದಿದ್ದಾಗ ಅವರೂ ನಿರ್ಮಾಪಕ ಫ್ರೆಡ್ ಫ್ರೆಂಡ್ಲಿಯೂ ಸ್ವಂತ ಜೇಬಿನಿಂದ ಕೊಟ್ಟರು. ನವೆಂಬರ್ 24ರಂದು ವಾಯುಪಡೆಯ ಕಾರ್ಯದರ್ಶಿ ಹೆರಾಲ್ಡ್ ಟಾಲ್‌ಬಟ್ ಅದೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು, ಮೈಲೋ ಹುದ್ದೆಯಲ್ಲಿ ಮುಂದುವರಿಯುತ್ತಾರೆಂದು ಪ್ರಕಟಿಸಿದರು.

ಸಾಕ್ಷ್ಯ ತೋರಿಸದೆ ತೀರ್ಪು ಕೊಡುವ ಪದ್ಧತಿಗೆ ತಡೆ ಬೀಳಲು ಇನ್ನೂ ಕೆಲವು ವರ್ಷ ಬೇಕಾಯಿತು. ವಿಲಿಯಂ ಗ್ರೀನ್ ಎಂಬ ಎಂಜಿನಿಯರ್ ಭದ್ರತಾ ಅನುಮತಿ ಕಳೆದುಕೊಂಡಿದ್ದರು. ಅವರ ಮೇಲಿನ ದೂರುಗಳಲ್ಲಿ ಮಾಜಿ ಪತ್ನಿಯ ಒಡನಾಟವೂ ಒಂದು. 1959ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶ, ರಕ್ಷಣಾ ಉದ್ಯಮದ ನೌಕರರಿಗೆ ಆರೋಪವನ್ನು ಲಿಖಿತವಾಗಿ ಪಡೆದು ಉತ್ತರಿಸುವ ಅವಕಾಶ ಕೊಟ್ಟಿತು.

ಗಲ್ಫ್‌ನಲ್ಲಿರುವ ನಮಗೆ ಈ ಕಥೆ ಏಕೆ? ನಮ್ಮಲ್ಲಿ ಹಲವರ ಮಕ್ಕಳು ಇಲ್ಲಿ ಶಾಲೆ ಮುಗಿಸಿ ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರರಾಗಿದ್ದಾರೆ. ಅವರು ರಕ್ಷಣಾ ಕೆಲಸಕ್ಕೆ ಅರ್ಜಿ ಹಾಕಿದರೆ ಎಸ್‌ಎಫ್-86 ಎಂಬ ಫಾರಂನಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು, ಅತ್ತೆ ಮಾವ ಎಲ್ಲಿದ್ದಾರೆ, ಯಾವ ದೇಶದ ಪೌರರು ಎಂದು ಬರೆಯಲೇಬೇಕು. ಪರಿಶೀಲನೆಯ 13 ಮಾನದಂಡಗಳಲ್ಲಿ ವಿದೇಶಿ ಪ್ರಭಾವವೂ ಒಂದು. ಊರಲ್ಲಿರುವ ಬಂಧುವನ್ನು ಹೆದರಿಸಿ ನೌಕರನ ಬಾಯಿ ಬಿಡಿಸಬಹುದೆಂಬ ಸರ್ಕಾರದ ಆತಂಕ ಸುಳ್ಳೇನಲ್ಲ. ಹಾಗೆಂದು ಸಂಬಂಧವೊಂದೇ ಅನರ್ಹತೆಯಲ್ಲ. ಆ ದೇಶ ಯಾವುದು, ಬಂಧು ಏನು ಕೆಲಸದಲ್ಲಿದ್ದಾರೆ, ಒಡನಾಟ ಎಷ್ಟು, ಅಮೆರಿಕದಲ್ಲಿ ಬೇರು ಎಷ್ಟು ಆಳ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಗೊತ್ತಿದ್ದೂ ಮುಚ್ಚಿಟ್ಟರೆ ಮಾತ್ರ ಅದು ಬೇರೆಯೇ ತಪ್ಪಾಗುತ್ತದೆ.

ಆದ್ದರಿಂದ ಮಕ್ಕಳು ಫೋನ್ ಮಾಡಿ ಅಜ್ಜನ ಹುಟ್ಟೂರು, ಮಾವನ ನೌಕರಿ ಕೇಳಿದರೆ ಗಾಬರಿಯಾಗದೆ ಇದ್ದದ್ದನ್ನು ಇದ್ದಂತೆ ಹೇಳೋಣ. ಮೈಲೋ ತಮ್ಮ ತಂದೆಯನ್ನು ಬಿಟ್ಟುಕೊಡಲಿಲ್ಲ, ಮುಚ್ಚಿಡಲೂ ಇಲ್ಲ. ಹುದ್ದೆಯೂ ಉಳಿಯಿತು, ಮನೆಯೂ ಉಳಿಯಿತು.