ಗಣಕಯಂತ್ರದ ಸ್ಮೃತಿಕೋಶ: ಬೆಲೆಯ ಇಳಿತವೂ ಕೊಳ್ಳುವವನ ನಿರ್ಣಯವೂ

ಬೆಲೆಗಳ ಇತಿಹಾಸವೆಂದರೆ ನಮಗೆ ಬಹುಮಟ್ಟಿಗೆ ಏರಿಕೆಯ ಇತಿಹಾಸವೇ ಆಗಿದೆ. ಕ್ಷಾಮ, ಯುದ್ಧ, ನಾಣ್ಯದ ಅಪಮೌಲ್ಯ ಮೊದಲಾದ ಕಾರಣಗಳಿಂದ ಧಾನ್ಯದ ಬೆಲೆ ಏರಿದ ಪ್ರಸಂಗಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದವು. ಬೆಲೆ ಏರುವ ಕಾಲದಲ್ಲಿ ಕೊಳ್ಳುವವನ ಮಾರ್ಗ ಸರಳವಾದದ್ದು. ಶಕ್ತಿಯಿದ್ದಷ್ಟನ್ನು ಇಂದೇ ಕೊಂಡು ಕಣಜವನ್ನು ತುಂಬಿಟ್ಟರಾಯಿತು. ಆದರೆ ಬೆಲೆ ವರ್ಷವರ್ಷಕ್ಕೂ ಇಳಿಯುತ್ತಲೂ, ಅಗತ್ಯ ವರ್ಷವರ್ಷಕ್ಕೂ ಬೆಳೆಯುತ್ತಲೂ ಇರುವ ವಸ್ತುವನ್ನು ಎಷ್ಟು ಕೊಳ್ಳಬೇಕು, ಯಾವಾಗ ಕೊಳ್ಳಬೇಕು? ಹಿಂದಿನ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಮುಂದಿಟ್ಟ ವಸ್ತುವೆಂದರೆ ಗಣಕಯಂತ್ರದ ಸ್ಮೃತಿಕೋಶ. ವಾಡಿಕೆಯ ಮಾತಿನಲ್ಲಿ ಹೇಳುವುದಾದರೆ 'ಮೆಮೊರಿ'. ಯಂತ್ರವು ತಾನು ಮಾಡುತ್ತಿರುವ ಲೆಕ್ಕವನ್ನೂ ಆ ಲೆಕ್ಕದ ಕ್ರಮವನ್ನೂ ಕೈಯಳವಿನಲ್ಲಿ ಇರಿಸಿಕೊಳ್ಳುವ ಸ್ಥಳವಿದು. ದತ್ತಾಂಶವನ್ನು ಬಹುಕಾಲ ಕಾದಿರಿಸುವ ಟೇಪು, ಡಿಸ್ಕುಗಳು ಇಲ್ಲಿ ನಮಗೆ ಪ್ರಸ್ತುತವಲ್ಲ. ಈ ವಸ್ತುವನ್ನು ಕೊಂಡವರೂ ಯಂತ್ರವನ್ನು ರಚಿಸಿದವರೂ ಕಾಲಕಾಲಕ್ಕೆ ಕೈಗೊಂಡ ನಿರ್ಣಯಗಳನ್ನು ಪರಿಶೀಲಿಸಿ, ಅವುಗಳಲ್ಲಿ ಯಾವುವು ತಿದ್ದಿಕೊಳ್ಳಬಹುದಾದವು, ಯಾವುವು ಮುಂದಿನ ಪೀಳಿಗೆಗೆ ಋಣವಾಗಿ ಉಳಿದವು ಎಂಬುದನ್ನು ತಿಳಿಯುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ಮೃತಿಯು ದುರ್ಲಭವಾಗಿದ್ದ ಕಾಲವನ್ನು ನೋಡೋಣ. ೧೯೪೮ರ ಜೂನ್ ೨೧ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ, ಕ್ರಮವಿಧಿಯನ್ನು ತನ್ನ ಸ್ಮೃತಿಯಲ್ಲಿಯೇ ಇರಿಸಿಕೊಂಡ ಮೊದಲ ವಿದ್ಯುನ್ಮಾನ ಗಣಕವು ಕೆಲಸ ಮಾಡಿತು. ಅದರ ಸ್ಮೃತಿಯಲ್ಲಿದ್ದುದು ೩೨ ಪದಗಳು. ಪದವೊಂದಕ್ಕೆ ೩೨ ಬಿಟ್‌ಗಳಂತೆ ಒಟ್ಟು ೧,೦೨೪ ಬಿಟ್‌ಗಳು ಮಾತ್ರ. ಕ್ಯಾಥೋಡ್ ಕಿರಣದ ನಳಿಕೆಯ ಮುಖದ ಮೇಲೆ ವಿದ್ಯುತ್ತಿನ ಚುಕ್ಕೆಗಳ ರೂಪದಲ್ಲಿ ಅವನ್ನು ಹಿಡಿದಿಡಲಾಗುತ್ತಿತ್ತು. ಈ ವಿಧಾನವು ನೆಚ್ಚುವಂತಹದಾಗಿರಲಿಲ್ಲ. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಜೇ ಫಾರೆಸ್ಟರ್ ಅವರ ನೇತೃತ್ವದಲ್ಲಿ ನಿರ್ಮಾಣವಾದ 'ವರ್ಲ್‌ವಿಂಡ್' ಯಂತ್ರಕ್ಕೆ ೧೯೫೩ರಲ್ಲಿ ಫೆರೈಟಿನ ಸಣ್ಣ ಉಂಗುರಗಳ ಸ್ಮೃತಿಯನ್ನು ಅಳವಡಿಸಿದ ಮೇಲೆ ಈ ಕ್ಷೇತ್ರದ ಸ್ವರೂಪವೇ ಬದಲಾಯಿತು. ಒಂದು ಬಿಟ್‌ಗೆ ಒಂದು ಉಂಗುರ. ಪ್ರತಿಯೊಂದು ಉಂಗುರದ ಮೂಲಕವೂ ತಂತಿಗಳನ್ನು ಬಹುತೇಕ ಕೈಯಿಂದಲೇ ಪೋಣಿಸಬೇಕಾಗಿತ್ತು. ಪ್ರಾರಂಭದಲ್ಲಿ ಬಿಟ್ ಒಂದಕ್ಕೆ ಸುಮಾರು ಒಂದು ಡಾಲರ್ ಇದ್ದ ಇದರ ಬೆಲೆ, ಈ ಪದ್ಧತಿಯ ಅಂತ್ಯಕಾಲದ ವೇಳೆಗೆ ಸುಮಾರು ಒಂದು ಸೆಂಟಿಗೆ ಇಳಿಯಿತು. ನೂರಕ್ಕೆ ಒಂದರಷ್ಟಾದ ಈ ಇಳಿತದ ನಡುವೆಯೇ ಅಂದಿನವರು ಕೊಳ್ಳುವ ನಿರ್ಣಯವನ್ನು ಕೈಗೊಳ್ಳಬೇಕಾಗಿದ್ದಿತು.

ನಮ್ಮ ದೇಶದ ಒಂದು ನಿದರ್ಶನವು ಇಲ್ಲಿ ಬಹು ಬೋಧಪ್ರದವಾಗಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೫೦ರ ದಶಕದ ಮಧ್ಯಭಾಗದಲ್ಲಿ ಪ್ರಾರಂಭವಾಗಿ ೧೯೬೦ರಲ್ಲಿ ವಿಧ್ಯುಕ್ತವಾಗಿ ಕಾರ್ಯಾರಂಭ ಮಾಡಿದ ಗಣಕಕ್ಕೆ ಮುಂದೆ 'ಟಿಫ್ರ್ಯಾಕ್' ಎಂದು ಹೆಸರಾಯಿತು. ಅದರ ಸ್ಮೃತಿಯಲ್ಲಿ ೪೦ ಬಿಟ್‌ಗಳ ೨,೦೪೮ ಪದಗಳಿದ್ದವು. ಎಂದರೆ ೮೧,೯೨೦ ಬಿಟ್‌ಗಳು. ಇಂದಿನ ಅಳತೆಯಲ್ಲಿ ಇದು ಕೇವಲ ಹತ್ತು ಕಿಲೋಬೈಟ್. ಯಂತ್ರವು ಪೂರ್ಣವಾಗುವ ವೇಳೆಗೆ ವಿದೇಶಗಳಲ್ಲಿ ಟ್ರಾನ್ಸಿಸ್ಟರಿನ ಯಂತ್ರಗಳು ಬಳಕೆಗೆ ಬಂದಿದ್ದವು. ೧೯೬೪ರಲ್ಲಿ ಅದೇ ಸಂಸ್ಥೆಗೆ ಅಮೆರಿಕದಿಂದ ಸಿಡಿಸಿ ೩೬೦೦ ಎಂಬ ಹೆಚ್ಚು ಶಕ್ತಿಯುತವಾದ ಯಂತ್ರವು ಬಂದಿತು. ಹಾಗಾದರೆ ೧೯೫೦ರ ದಶಕದಲ್ಲಿ ಸುಮ್ಮನೆ ಕಾದಿದ್ದರೆ ಲಾಭವಾಗುತ್ತಿತ್ತೆಂದು ವಾದಿಸಬಹುದೆ? ನಮಗೆ ಹಾಗೆ ತೋರುವುದಿಲ್ಲ. ಯಂತ್ರವನ್ನು ಕಟ್ಟಿ ನಡೆಸಿದ ಆ ವರ್ಷಗಳಲ್ಲಿ ಗಣಕವಿಜ್ಞಾನವನ್ನು ಕೈಯಿಂದ ಬಲ್ಲ ಒಂದು ಪೀಳಿಗೆಯೇ ಸಿದ್ಧವಾಯಿತು. ಬೆಲೆಯ ಇಳಿತವನ್ನು ಕಾಯುವವನು ಹಣವನ್ನು ಉಳಿಸುವುದು ನಿಜ; ಆದರೆ ಕಾಯುವ ಅವಧಿಯಲ್ಲಿ ಮಾಡದೆ ಉಳಿದ ಕೆಲಸದ ಬೆಲೆಯನ್ನು ಅವನ ಲೆಕ್ಕದ ಪುಸ್ತಕವು ತೋರಿಸುವುದಿಲ್ಲ.

ವಾಣಿಜ್ಯಸಂಸ್ಥೆಗಳು ಈ ತೊಡಕನ್ನು ಬೇರೊಂದು ರೀತಿಯಲ್ಲಿ ಪರಿಹರಿಸಿಕೊಂಡವು. ಐಬಿಎಂ ಸಂಸ್ಥೆಯು ೧೯೫೯ರಲ್ಲಿ ಪ್ರಕಟಿಸಿದ '೧೪೦೧' ಯಂತ್ರವು ೧,೪೦೦ ಅಕ್ಷರಗಳ ಸ್ಮೃತಿಯಿಂದ ಹಿಡಿದು ಹಲವು ಮೆಟ್ಟಿಲುಗಳಲ್ಲಿ ೧೬,೦೦೦ ಅಕ್ಷರಗಳವರೆಗೆ ದೊರೆಯುತ್ತಿತ್ತು. ಅದರ ಬಾಡಿಗೆ ತಿಂಗಳಿಗೆ ೨,೫೦೦ ಡಾಲರುಗಳಿಂದ ಪ್ರಾರಂಭವಾಗುತ್ತಿತ್ತು. ೧೯೫೬ರ ನ್ಯಾಯಾಲಯದ ತೀರ್ಪಿನ ಫಲವಾಗಿ ಯಂತ್ರಗಳನ್ನು ಮಾರಲೂ ಆ ಸಂಸ್ಥೆಯು ಒಪ್ಪಬೇಕಾಗಿ ಬಂದಿದ್ದರೂ, ಗಿರಾಕಿಗಳಲ್ಲಿ ಬಹುಮಂದಿ ಬಾಡಿಗೆಯನ್ನೇ ಆರಿಸಿಕೊಂಡರು. ಇದರ ಮರ್ಮ ಸ್ಪಷ್ಟವಾಗಿದೆ. ಬಾಡಿಗೆಯ ಯಂತ್ರದಲ್ಲಿ ಬೆಲೆ ಇಳಿದುದರ ನಷ್ಟ ಒಡೆಯನದು; ಬಳಸುವವನಿಗೆ ಅಗತ್ಯ ಬೆಳೆದಂತೆ ಮೇಲಿನ ಮೆಟ್ಟಿಲನ್ನು ಏರುವ ಸೌಕರ್ಯ ಉಳಿಯುತ್ತದೆ.

ಆದರೆ ಅದೇ ಕಾಲದ ಮಿತವ್ಯಯದಲ್ಲಿ ಇನ್ನೊಂದು ಬಗೆಯೂ ಇದ್ದಿತು. ಇಸವಿಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡನ್ನು ಬಿಟ್ಟು ಕೊನೆಯ ಎರಡನ್ನು ಮಾತ್ರ ಬರೆಯುವ ರೂಢಿಯೇ ಅದು. ರಂಧ್ರಪತ್ರದಲ್ಲಿ ಎಂಬತ್ತೇ ಅಂಕಣಗಳಿದ್ದುದು ಇದಕ್ಕೆ ಒಂದು ಕಾರಣ. ಸ್ಮೃತಿಯ ಬೆಲೆ ಇನ್ನೊಂದು ಕಾರಣ. ಅಂಕಿಯೊಂದಕ್ಕೆ ಆರು ಬಿಟ್‌ಗಳಂತೆ ಎರಡು ಅಂಕಿಗಳಿಗೆ ಹನ್ನೆರಡು ಬಿಟ್‌ಗಳು; ಬಿಟ್‌ಗೆ ಡಾಲರಿನಂತೆ ಬೆಲೆಯಿದ್ದಾಗ ಒಂದೊಂದು ತಾರೀಖಿನ ಪೂರ್ಣರೂಪಕ್ಕೂ ಸ್ಮೃತಿಯಲ್ಲಿ ಹನ್ನೆರಡು ಡಾಲರುಗಳ ಹೆಚ್ಚಿನ ವೆಚ್ಚ. ಅಂದಿನವರನ್ನು ಅವಿವೇಕಿಗಳೆನ್ನಲು ಸಾಧ್ಯವಿಲ್ಲ. ಆದರೆ ಸ್ಮೃತಿಯು ಅಗ್ಗವಾಗಿ ಆ ಕಾರಣವು ಅಳಿದ ಮೇಲೂ ರೂಢಿಯು ಅಳಿಯಲಿಲ್ಲ. ೨೦೦೦ನೆಯ ಇಸವಿಯು ಸಮೀಪಿಸಿದಾಗ ಬ್ಯಾಂಕು, ವಿಮಾನಯಾನ, ಸರ್ಕಾರಿ ಕಚೇರಿಗಳ ಹಳೆಯ ಕ್ರಮವಿಧಿಗಳನ್ನು ಸಾಲುಸಾಲಾಗಿ ಶೋಧಿಸಿ ತಿದ್ದಬೇಕಾಗಿ ಬಂದಿತು. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಿಗೆ ಅಂದು ದೊರೆತ ಕೆಲಸದಲ್ಲಿ ಈ ತಿದ್ದುಪಡಿಯದೂ ಗಣನೀಯವಾದ ಪಾಲಾಗಿತ್ತೆಂಬುದು ನಮ್ಮ ನಾಡಿಗೆ ಸಂಬಂಧಿಸಿದ ಸ್ವಾರಸ್ಯದ ಸಂಗತಿ.

ಇನ್ನು ಎರಡನೆಯ ಘಟ್ಟ. ರಾಬರ್ಟ್ ಡೆನಾರ್ಡ್ ಅವರು ೧೯೬೬ರಲ್ಲಿ ಕಲ್ಪಿಸಿ ೧೯೬೮ರಲ್ಲಿ ಪೇಟೆಂಟ್ ಪಡೆದ, ಬಿಟ್‌ಗೆ ಒಂದೇ ಟ್ರಾನ್ಸಿಸ್ಟರನ್ನು ಬಳಸುವ ರಚನೆಯೂ, ಇಂಟೆಲ್ ಸಂಸ್ಥೆಯು ೧೯೭೦ರಲ್ಲಿ ಮಾರಾಟಕ್ಕೆ ತಂದ ೧,೦೨೪ ಬಿಟ್‌ಗಳ ಚಿಪ್ಪೂ ಉಂಗುರಗಳ ಯುಗವನ್ನು ಕೊನೆಗಾಣಿಸಿದವು. ಮ್ಯಾಂಚೆಸ್ಟರಿನ ಯಂತ್ರದ ಸ್ಮೃತಿಯಷ್ಟೂ ಈಗ ಒಂದೇ ಚಿಪ್ಪಿನಲ್ಲಿ ಅಡಗಿತು. ಕೊಳ್ಳುವ ಪ್ರಶ್ನೆಯು ಸಂಸ್ಥೆಗಳಿಂದ ಸಾಮಾನ್ಯ ಗೃಹಸ್ಥನವರೆಗೆ ಇಳಿದುದು ಈ ಘಟ್ಟದಲ್ಲಿಯೇ. ೧೯೭೭ರಲ್ಲಿ ಆಪಲ್ ೨ ಯಂತ್ರವು ೪ ಕಿಲೋಬೈಟ್ ಸ್ಮೃತಿಯೊಡನೆ ೧,೨೯೮ ಡಾಲರುಗಳಿಗೂ, ೪೮ ಕಿಲೋಬೈಟ್ ಸ್ಮೃತಿಯೊಡನೆ ೨,೬೩೮ ಡಾಲರುಗಳಿಗೂ ದೊರೆಯುತ್ತಿತ್ತು. ಹೆಚ್ಚಿನ ೪೪ ಕಿಲೋಬೈಟುಗಳಿಗೆ ತೆರಬೇಕಾದ ೧,೩೪೦ ಡಾಲರುಗಳು ಮೂಲಯಂತ್ರದ ಬೆಲೆಯನ್ನೂ ಮೀರಿದ್ದವು. ಕಿಲೋಬೈಟಿಗೆ ಸುಮಾರು ೩೦ ಡಾಲರುಗಳಾದವು. ೧೯೮೨ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರಕ್ಕೆ ೧೬ ಕಿಲೋಬೈಟಿನೊಡನೆ ೧೨೫ ಪೌಂಡ್, ೪೮ ಕಿಲೋಬೈಟಿನೊಡನೆ ೧೭೫ ಪೌಂಡ್. ಹೆಚ್ಚಿನ ೩೨ ಕಿಲೋಬೈಟಿಗೆ ಕೇವಲ ೫೦ ಪೌಂಡ್. ಎರಡು ದೇಶಗಳ ಎರಡು ಬೇರೆ ಯಂತ್ರಗಳನ್ನು ಹೋಲಿಸುವಾಗ ಎಚ್ಚರ ಅಗತ್ಯವಾದರೂ, ಐದು ವರ್ಷಗಳಲ್ಲಿ ದರವು ಸರಿಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದು ಹೇಳಿದರೆ ತಪ್ಪಾಗದು.

ಆದುದರಿಂದ ೧೯೭೭ರಲ್ಲಿ ೪ ಕಿಲೋಬೈಟಿನ ಯಂತ್ರವನ್ನು ಕೊಂಡು, ಉಳಿದುದನ್ನು ಬೆಲೆ ಇಳಿದಂತೆ ಸೇರಿಸಿಕೊಂಡವನು ಜಾಣನೇ ಸರಿ. ಆದರೆ ಅವನ ಜಾಣತನಕ್ಕೆ ಆಧಾರವಾಗಿದ್ದುದು ಯಂತ್ರವನ್ನು ರಚಿಸಿದವನ ಮುಂದಾಲೋಚನೆ. ಆಪಲ್ ೨ರ ಮದರ್‌ಬೋರ್ಡಿನಲ್ಲಿ ಸಾಲಿಗೆ ಎಂಟರಂತೆ ಮೂರು ಸಾಲು ಸಾಕೆಟ್‌ಗಳಿದ್ದವು. ೪ ಕಿಲೋಬೈಟಿನ ಯಂತ್ರದಲ್ಲಿ ತುಂಬಿದ್ದುದು ಒಂದೇ ಸಾಲು. ಕಾಳನ್ನು ವರ್ಷವರ್ಷಕ್ಕೆ ತುಂಬಿಕೊಳ್ಳಬಹುದು; ಕಣಜವನ್ನು ವರ್ಷವರ್ಷಕ್ಕೆ ಕಟ್ಟಲಾಗುವುದಿಲ್ಲ.

ಈ ಮಾತಿನ ಸತ್ಯವನ್ನು ಯಂತ್ರನಿರ್ಮಾಪಕರು ಕಷ್ಟಪಟ್ಟೇ ಕಲಿತರು. ಸ್ಮೃತಿಯ ಪ್ರತಿಯೊಂದು ಕೋಣೆಗೂ ಒಂದು ವಿಳಾಸಸಂಖ್ಯೆ ಬೇಕು. ವಿಳಾಸಕ್ಕೆ ಎಷ್ಟು ಬಿಟ್‌ಗಳನ್ನು ಮೀಸಲಿಟ್ಟಿದೆಯೋ ಅದೇ ಕಣಜದ ಅಳವು. ೧೯೭೦ರ ಪಿಡಿಪಿ-೧೧ ಯಂತ್ರದ ವಿಳಾಸಕ್ಕೆ ೧೬ ಬಿಟ್‌ಗಳು. ಎಂದರೆ ಒಂದು ಕ್ರಮವಿಧಿಗೆ ಹೆಚ್ಚೆಂದರೆ ೬೪ ಕಿಲೋಬೈಟ್. ಆರು ವರ್ಷಗಳ ಮೇಲೆ, ೧೯೭೬ರಲ್ಲಿ, ಆ ಯಂತ್ರದ ನಿರ್ಮಾಪಕರಲ್ಲಿ ಒಬ್ಬರಾದ ಗೋರ್ಡನ್ ಬೆಲ್ ಅವರು ಸ್ಟ್ರೆಕರ್ ಅವರೊಡಗೂಡಿ ತಮ್ಮ ಅನುಭವವನ್ನು ವಿಮರ್ಶಿಸುತ್ತ, ಗಣಕದ ರಚನೆಯಲ್ಲಿ ಮುಂದೆ ಸರಿಪಡಿಸಿಕೊಳ್ಳಲು ಬಹು ಕಷ್ಟವಾದ ದೋಷವೆಂದರೆ ವಿಳಾಸದ ಬಿಟ್‌ಗಳ ಕೊರತೆಯೇ ಎಂಬ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಪ್ರಕಟಿಸಿದರು. ಅವರ ತರ್ಕವು ಗಮನಾರ್ಹವಾದದ್ದು. ಕೊಳ್ಳುವವನು ಸ್ಮೃತಿಗೆಂದು ಸರಿಸುಮಾರು ಒಂದೇ ಮೊತ್ತವನ್ನು ತೆಗೆದಿರಿಸುತ್ತಾನೆ. ಬೆಲೆ ಇಳಿದಾಗ ಆ ಹಣವನ್ನು ಉಳಿಸದೆ, ಅದೇ ಹಣಕ್ಕೆ ಹೆಚ್ಚು ಸ್ಮೃತಿಯನ್ನು ಕೊಳ್ಳುತ್ತಾನೆ. ಆದುದರಿಂದ ಬೆಲೆಯ ಇಳಿತವನ್ನು ಬಲ್ಲವನು ಅಳವಿನ ಬೆಳವಣಿಗೆಯನ್ನೂ ಮೊದಲೇ ಎಣಿಸಬಹುದು. ೧೯೭೭ರಲ್ಲಿ ಅದೇ ಸಂಸ್ಥೆಯು ಹೊರತಂದ ವ್ಯಾಕ್ಸ್ ಯಂತ್ರಕ್ಕೆ ೩೨ ಬಿಟ್‌ಗಳ ವಿಳಾಸವನ್ನಿತ್ತುದು ಈ ಪಾಠದ ಫಲ. ಇಷ್ಟಾದರೂ ಪಾಠವು ಎಲ್ಲರಿಗೂ ಮುಟ್ಟಲಿಲ್ಲ. ೧೯೮೧ರ ಐಬಿಎಂ ಪಿಸಿಯು ೧೬ ಕಿಲೋಬೈಟಿನಿಂದ ಪ್ರಾರಂಭವಾಗುತ್ತಿದ್ದುದರಿಂದ ಕ್ರಮವಿಧಿಗಳಿಗೆ ಬಿಟ್ಟ ೬೪೦ ಕಿಲೋಬೈಟಿನ ಅಳವು ಅದರ ನಲವತ್ತು ಪಟ್ಟಾಗಿತ್ತು, ಸಾಕಷ್ಟಾಯಿತೆಂದೇ ತೋರಿರಬೇಕು. ನಾಲ್ಕೇ ವರ್ಷಗಳಲ್ಲಿ, ೧೯೮೫ರಲ್ಲಿ, ಆ ಎಲ್ಲೆಯನ್ನು ಹಿಂಬಾಗಿಲಿನಿಂದ ದಾಟುವ ಉಪಾಯವನ್ನು ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಒಟ್ಟಾಗಿ ರೂಪಿಸಬೇಕಾಯಿತು.

ಈವರೆಗೆ ಬೆಲೆಯ ಇಳಿತವನ್ನು ಪ್ರಕೃತಿನಿಯಮವೆಂಬಂತೆ ಭಾವಿಸಿ ಮಾತನಾಡಿದೆವು. ವಸ್ತುಸ್ಥಿತಿ ಹಾಗಿಲ್ಲ. ೧೯೮೫ರಲ್ಲಿ ಜಪಾನಿನ ಸ್ಪರ್ಧೆಯಿಂದ ಬೆಲೆ ಕುಸಿದು ಇಂಟೆಲ್ ಸಂಸ್ಥೆಯೇ ಈ ವ್ಯಾಪಾರವನ್ನು ತ್ಯಜಿಸಿತು. ಆದರೆ ೧೯೮೬ರ ಅಮೆರಿಕ-ಜಪಾನ್ ಒಪ್ಪಂದವು ಕನಿಷ್ಠ ಬೆಲೆಯನ್ನು ವಿಧಿಸಿದ ಮೇಲೆ ೧೯೮೮ರಲ್ಲಿ ಅಭಾವವೂ ಏರಿಕೆಯೂ ಉಂಟಾದವು. ೧೯೯೩ರ ಜುಲೈ ೪ರಂದು ಜಪಾನಿನ ನೀಹಾಮ ಪಟ್ಟಣದಲ್ಲಿ, ಚಿಪ್ಪುಗಳ ಹೊದಿಕೆಗೆ ಬೇಕಾದ ರಾಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಜಗತ್ತಿಗೆ ಒದಗಿಸುತ್ತಿದ್ದ ಕಾರ್ಖಾನೆಯು ಸ್ಫೋಟಗೊಂಡಾಗ, ಬಿಡಿ ಮಾರುಕಟ್ಟೆಯಲ್ಲಿ ಸ್ಮೃತಿಯ ಬೆಲೆ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಸಿತು. ಇದಕ್ಕೆ ವಿರುದ್ಧವಾಗಿ, ೧೯೯೫ರ ಕೊನೆಯಲ್ಲಿ ಅವಸರದಿಂದ ಕೊಂಡವರು ಒಂದು ವರ್ಷದೊಳಗಾಗಿ ಬೆಲೆಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕರಗಿಹೋದುದನ್ನು ಕಂಡರು. ೧೯೯೦ರ ದಶಕದ ಕೊನೆಯಿಂದ ೨೦೦೨ರವರೆಗೆ ಉತ್ಪಾದಕರು ತಮ್ಮೊಳಗೆ ಬೆಲೆಯನ್ನು ನಿಗದಿಮಾಡಿಕೊಂಡಿದ್ದುದು ಅಮೆರಿಕದ ನ್ಯಾಯಾಲಯದಲ್ಲಿ ಸಿದ್ಧವಾಯಿತು. ೨೦೦೫ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ತಪ್ಪೊಪ್ಪಿಕೊಂಡು ೩೦ ಕೋಟಿ ಡಾಲರುಗಳ ದಂಡವನ್ನು ತೆತ್ತಿತು. ೨೦೨೫ರ ಉತ್ತರಾರ್ಧದಲ್ಲಿ, ಕೃತಕ ಬುದ್ಧಿಮತ್ತೆಯ ಕೇಂದ್ರಗಳಿಗೆ ಬೇಕಾದ ಅತಿವೇಗದ ಸ್ಮೃತಿಯ ಕಡೆಗೆ ಕಾರ್ಖಾನೆಗಳು ತಿರುಗಿದುದರಿಂದ, ಸಾಮಾನ್ಯ ಸ್ಮೃತಿಯ ಬೆಲೆ ಪುನಃ ತೀವ್ರವಾಗಿ ಏರಿತು. ದೀರ್ಘಕಾಲದ ಪ್ರವಾಹವು ಇಳಿಮುಖವೇ ಆದರೂ, ಕೊಳ್ಳುವವನು ನಿಲ್ಲುವುದು ಒಂದು ವರ್ಷದ ದಡದಲ್ಲಿ. ಆ ವರ್ಷದ ನೀರು ಏರುತ್ತಿರಲೂಬಹುದು.

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವೇದ್ಯವಾಗುತ್ತವೆ. ಇಂದಿನ ಕೆಲಸಕ್ಕೆ ಬೇಕಾದಷ್ಟನ್ನು ಇಂದೇ ಕೊಳ್ಳಬೇಕು. ಕಾಯುವುದರಿಂದ ಆಗುವ ಉಳಿತಾಯಕ್ಕಿಂತ ನಿಂತ ಕೆಲಸದ ನಷ್ಟ ಹೆಚ್ಚಿನದಾಗಬಹುದು. ನಾಳಿನ ಕೆಲಸಕ್ಕೆ ಬೇಕಾದುದನ್ನು ಇಂದು ಕೊಳ್ಳಬೇಕಾಗಿಲ್ಲ. ಆದರೆ ಅದಕ್ಕೆ ಸ್ಥಳವನ್ನು ಇಂದೇ ಬಿಟ್ಟಿರಬೇಕು. ಸ್ಮೃತಿಯನ್ನು ಕಡಿಮೆ ಕೊಂಡ ತಪ್ಪು ಹಣದಿಂದ ತಿದ್ದಬಹುದಾದದ್ದು. ವಿಳಾಸದಲ್ಲಿಯೂ ತಾರೀಖಿನಲ್ಲಿಯೂ ಮಾಡಿದ ಜಿಪುಣತನವು ಯಂತ್ರವು ಗುಜರಿಗೆ ಹೋದ ಮೇಲೂ ಕ್ರಮವಿಧಿಗಳಲ್ಲಿ ಉಳಿದು, ಅದನ್ನು ಮಾಡದವರಿಂದ ಬೆಲೆಯನ್ನು ಕೇಳುತ್ತದೆ.

ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಬರುವ ಅನುದಾನದಿಂದ ಯಂತ್ರಗಳನ್ನು ಕೊಳ್ಳುವ ಹೊಣೆ ಹೊತ್ತ ಅಧ್ಯಾಪಕಮಿತ್ರರಿಗೆ ಈ ಇತಿಹಾಸವು ಕೇವಲ ಕುತೂಹಲದ ವಿಷಯವಲ್ಲ. ಇಂದು ಮಾರಾಟಕ್ಕೆ ಬರುವ ಲ್ಯಾಪ್‌ಟಾಪುಗಳಲ್ಲಿ ಅನೇಕವುಗಳ ಸ್ಮೃತಿಯನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಖಾಲಿ ಸಾಕೆಟ್ಟಿನ ಸಾಲು ಅಲ್ಲಿಲ್ಲ. ಸ್ವಲ್ಪ ಕೊಂಡು ಕ್ರಮೇಣ ಸೇರಿಸಿಕೊಳ್ಳುವ, ಐವತ್ತು ವರ್ಷಗಳ ಹಿಂದೆ ಸಾಮಾನ್ಯ ಗೃಹಸ್ಥನಿಗೂ ಲಭ್ಯವಿದ್ದ ಆ ಮಾರ್ಗವು ಇಂತಹ ಯಂತ್ರವನ್ನು ಕೊಳ್ಳುವವನಿಗೆ ಮುಚ್ಚಿಹೋಗಿದೆ. ಐದಾರು ವರ್ಷಗಳ ಅಗತ್ಯವನ್ನು ಮೊದಲ ದಿನವೇ ಊಹಿಸಿ, ಅಂದಿನ ಬೆಲೆಯನ್ನೇ ತೆರಬೇಕು. ದರಪಟ್ಟಿಯಲ್ಲಿ ಗಿಗಾಬೈಟುಗಳ ಸಂಖ್ಯೆಯನ್ನು ನೋಡುವ ಮೊದಲು, ಅದನ್ನು ಮುಂದೆ ಹೆಚ್ಚಿಸಲು ಸ್ಥಳವಿದೆಯೇ ಎಂದು ಕೇಳುವುದು ಆದುದರಿಂದ ಉಚಿತವೆಂದು ನಾವು ಭಾವಿಸುತ್ತೇವೆ.